ಮಳೆಯಿಂದ ಲಾಕ್‌ಡೌನ್‌ವರೆಗೆ: ಹಿಂಜರಿತಗಳು ಕಲಿಸಿದ್ದೇನು, ಉಳಿಸಿದ್ದೇನು?

ಬೆಂಗಳೂರು: ಐ.ಟಿ. ಕಂಪೆನಿಗಳಲ್ಲಿ ನೇಮಕಾತಿ ಕುಗ್ಗಿದರೆ, ಷೇರು ಸೂಚ್ಯಂಕ ಸತತವಾಗಿ ನಾಲ್ಕು ದಿನ ಕುಸಿದರೆ, ಅಮೆರಿಕ ಆಮದು ಸುಂಕ ಏರಿಸಿದರೆ ‘ಆರ್ಥಿಕ ಹಿಂಜರಿತ’ ಎಂಬ ಮಾತು ತಕ್ಷಣ ಚಲಾವಣೆಗೆ ಬರುತ್ತದೆ. ಆದರೆ ಸ್ವಾತಂತ್ರ್ಯಾನಂತರದ ಲೆಕ್ಕವನ್ನು ತಿರುವಿ ಹಾಕಿದರೆ, ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷಕ್ಕಿಂತ ಗಣನೀಯವಾಗಿ ಕಡಿಮೆಯಾದ ಸಂದರ್ಭಗಳು ಬೆರಳೆಣಿಕೆಯಷ್ಟು ಮಾತ್ರ. 1957–58, 1965–66, 1979–80 ಮತ್ತು 2020–21 ಅವುಗಳಲ್ಲಿ ಮುಖ್ಯವಾದವು. 1972–73ರಲ್ಲೂ ಅಲ್ಪ ಪ್ರಮಾಣದ ಕುಸಿತವಾಗಿತ್ತು.

ಕುತೂಹಲದ ಸಂಗತಿಯೆಂದರೆ, ನಗರವಾಸಿಗಳ ನೆನಪಿನಲ್ಲಿ ಅಚ್ಚಳಿಯದೆ ಉಳಿದಿರುವ 1991 ಹಾಗೂ 2008 ಈ ಪಟ್ಟಿಯಲ್ಲಿಲ್ಲ. ಆ ಎರಡೂ ವರ್ಷಗಳಲ್ಲಿ ಬೆಳವಣಿಗೆಯ ವೇಗ ತಗ್ಗಿತೇ ಹೊರತು ಆರ್ಥಿಕತೆ ಕುಗ್ಗಲಿಲ್ಲ. ಲೆಕ್ಕಪುಸ್ತಕದ ಹಿಂಜರಿತ ಬೇರೆ, ಜನ ಅನುಭವಿಸಿದ ಹಿಂಜರಿತ ಬೇರೆ. ಯಾವ ಬಿಕ್ಕಟ್ಟು ಯಾರನ್ನು ಮೊದಲು ತಟ್ಟಿತು, ಅದರಿಂದ ಪಾರಾಗಲು ಕಂಡುಕೊಂಡ ಮಾರ್ಗ ಮುಂದಿನ ಬಿಕ್ಕಟ್ಟಿನಲ್ಲಿ ಎಷ್ಟು ನೆರವಾಯಿತು ಎಂಬುದನ್ನು ಹೋಲಿಸಿ ನೋಡಿದಾಗ ಮಾತ್ರ ಈ ಅಂಕಿಗಳಿಗೆ ಅರ್ಥ ಬರುತ್ತದೆ.

ಮಳೆ ಬರೆದ ಬಜೆಟ್

ಮೊದಲ ಮೂರು ದಶಕಗಳ ಹಿಂಜರಿತಗಳಿಗೆ ಮುಖ್ಯ ಕಾರಣ ಮುಂಗಾರಿನ ವೈಫಲ್ಯ. 1950ರ ದಶಕದಲ್ಲಿ ರಾಷ್ಟ್ರೀಯ ಉತ್ಪನ್ನದ ಸುಮಾರು ಅರ್ಧದಷ್ಟು ಕೃಷಿಯಿಂದಲೇ ಬರುತ್ತಿತ್ತು. ಮಳೆ ಕೈಕೊಟ್ಟರೆ ಫಸಲು ಮಾತ್ರವಲ್ಲ, ಹತ್ತಿ, ಸೆಣಬು, ಎಣ್ಣೆಬೀಜಗಳನ್ನು ನೆಚ್ಚಿದ್ದ ಗಿರಣಿಗಳೂ ಸೊರಗುತ್ತಿದ್ದವು. ರೈತನ ಕೈಯಲ್ಲಿ ಕಾಸಿಲ್ಲದ ಮೇಲೆ ಪೇಟೆಯ ಬಟ್ಟೆ ಅಂಗಡಿಗೂ ವ್ಯಾಪಾರವಿರುತ್ತಿರಲಿಲ್ಲ.

1965–66ರಲ್ಲಿ ಬರದ ಜತೆಗೆ ಪಾಕಿಸ್ತಾನದೊಂದಿಗಿನ ಯುದ್ಧವೂ ಸೇರಿಕೊಂಡಿತು. ಆಹಾರಧಾನ್ಯ ಉತ್ಪಾದನೆ ಒಂದೇ ವರ್ಷದಲ್ಲಿ ಸುಮಾರು 8.9 ಕೋಟಿ ಟನ್‌ನಿಂದ 7.2 ಕೋಟಿ ಟನ್‌ಗೆ ಇಳಿಯಿತು. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಆಮದು ಮಾಡಿಕೊಳ್ಳಬೇಕಾಯಿತು. ಅಮೆರಿಕದ ‘ಪಿಎಲ್–480’ ಯೋಜನೆಯ ಗೋಧಿ ಹೊತ್ತ ಹಡಗು ಬಂದರಿಗೆ ಬಂದರೆ ಮಾತ್ರ ಪಡಿತರ ಎಂಬ ಸ್ಥಿತಿ. ಅದೇ ವರ್ಷದ ಜೂನ್ 6ರಂದು ಇಂದಿರಾ ಗಾಂಧಿ ನೇತೃತ್ವದ ಸರ್ಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಡಾಲರ್‌ಗೆ 4.76 ಇದ್ದ ದರ 7.50 ರೂಪಾಯಿಗೆ ಏರಿತು.

1979–80ರ ಹೊಡೆತ ಇನ್ನೂ ತೀವ್ರ. ಮಳೆ ವಾಡಿಕೆಗಿಂತ ಶೇ 19ರಷ್ಟು ಕಡಿಮೆಯಾಯಿತು. ಇರಾನ್ ಕ್ರಾಂತಿಯಿಂದ ಕಚ್ಚಾತೈಲದ ಬೆಲೆ ಗಗನಕ್ಕೇರಿತು. ಮೊರಾರ್ಜಿ ದೇಸಾಯಿ ಸರ್ಕಾರ ಜುಲೈನಲ್ಲಿ ಪತನವಾಯಿತು. ಆ ವರ್ಷ ಆರ್ಥಿಕತೆ ಸುಮಾರು ಶೇ 5.2ರಷ್ಟು ಕುಗ್ಗಿತು.

ಆ ನಂತರ ಮಳೆ ಮತ್ತು ಜಿಡಿಪಿ ನಡುವಿನ ನಂಟು ಸಡಿಲಗೊಳ್ಳುತ್ತಾ ಬಂತು. 2002ರಲ್ಲಿ 1979ರಷ್ಟೇ ಮಳೆ ಕೊರತೆಯಾದರೂ, 2009ರಲ್ಲಿ ಅದಕ್ಕಿಂತ ಹೆಚ್ಚು, ಅಂದರೆ ಶೇ 22ರಷ್ಟು ಕೊರತೆಯಾದರೂ ಒಟ್ಟು ಉತ್ಪನ್ನ ಕುಸಿಯಲಿಲ್ಲ. ನೀರಾವರಿ, ಹಸಿರು ಕ್ರಾಂತಿಯ ತಳಿಗಳು, 1965ರಲ್ಲಿ ಸ್ಥಾಪನೆಯಾದ ಭಾರತೀಯ ಆಹಾರ ನಿಗಮದ ಉಗ್ರಾಣಗಳು ಇದಕ್ಕೆ ಒಂದು ಕಾರಣ. ರಾಷ್ಟ್ರೀಯ ಉತ್ಪನ್ನದಲ್ಲಿ ಕೃಷಿಯ ಪಾಲು ಐದನೇ ಒಂದು ಭಾಗಕ್ಕೂ ಕೆಳಗಿಳಿದದ್ದು ಇನ್ನೊಂದು ಕಾರಣ. ಆದರೆ ಕೃಷಿಯನ್ನು ನೆಚ್ಚಿದ ಜನರ ಪಾಲು ಅದೇ ವೇಗದಲ್ಲಿ ತಗ್ಗಲಿಲ್ಲ. ಹೀಗಾಗಿ ಬರ ಬಂದರೂ ಅಂಕಿ ಅಂಶಗಳಲ್ಲಿ ಅದು ಎದ್ದು ಕಾಣದ ಪರಿಸ್ಥಿತಿ ನಿರ್ಮಾಣವಾಯಿತು.

ಚಿನ್ನ ಒತ್ತೆಯಿಟ್ಟ ವರ್ಷ

1991ರ ಬಿಕ್ಕಟ್ಟು ಹೊಲದಿಂದಲ್ಲ, ಖಜಾನೆಯಿಂದ ಬಂತು. ಎಂಬತ್ತರ ದಶಕದ ಉದ್ದಕ್ಕೂ ಸಾಲ ಮಾಡಿ ಖರ್ಚು ಮಾಡಿದ್ದ ಸರ್ಕಾರಕ್ಕೆ, 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಏರಿದ ತೈಲ ಬೆಲೆಯನ್ನು ತಾಳಿಕೊಳ್ಳುವ ಶಕ್ತಿ ಇರಲಿಲ್ಲ. ಅನಿವಾಸಿ ಭಾರತೀಯರು ಠೇವಣಿ ಹಿಂಪಡೆಯತೊಡಗಿದರು. ವಿದೇಶಿ ವಿನಿಮಯ ಸಂಗ್ರಹ ಎರಡು–ಮೂರು ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ಮರುಖರೀದಿಯ ಷರತ್ತಿನ ಮೇಲೆ ವಿದೇಶದಲ್ಲಿ ಮಾರಲಾಯಿತು. ಜುಲೈನಲ್ಲಿ ಇನ್ನೂ ಸುಮಾರು 47 ಟನ್ ಚಿನ್ನವನ್ನು ಒತ್ತೆಯಿಡಲಾಯಿತು. ಅದೇ ತಿಂಗಳು ರೂಪಾಯಿಯ ಅಪಮೌಲ್ಯ, ಜುಲೈ 24ರಂದು ಮನಮೋಹನ್ ಸಿಂಗ್ ಅವರ ಬಜೆಟ್.

ಆ ಸಾಲಿನಲ್ಲಿ ಬೆಳವಣಿಗೆ ದರ ಶೇ 1ರ ಆಸುಪಾಸಿಗೆ ಕುಸಿದರೂ ಋಣಾತ್ಮಕವಾಗಲಿಲ್ಲ. ಅಂದು ಕಲಿತ ಪಾಠವನ್ನು ದೆಹಲಿ ಮರೆಯಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ದೇಶದ ವಿದೇಶಿ ವಿನಿಮಯ ಸಂಗ್ರಹ 70,000 ಕೋಟಿ ಡಾಲರ್ ದಾಟಿತ್ತು.

ಹೊರಗಿನಿಂದ ಬಂದ ಬಿರುಗಾಳಿ

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿಯಾದಾಗ ಅದರ ಬಿಸಿ ಮೊದಲು ತಟ್ಟಿದ್ದು ದಲಾಲ್ ಸ್ಟ್ರೀಟ್‌ಗೆ. ಜನವರಿಯಲ್ಲಿ 20,000 ಅಂಶ ಮೀರಿದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 9,000ಕ್ಕಿಂತ ಕೆಳಗಿಳಿಯಿತು. ರಫ್ತು ಸುಮಾರು ಒಂದು ವರ್ಷ ಕಾಲ ಸತತವಾಗಿ ಕುಗ್ಗಿತು. ಸೂರತ್‌ನ ವಜ್ರ ಕೆಲಸಗಾರರು, ಸಿದ್ಧ ಉಡುಪು ಕಾರ್ಮಿಕರು ಕೆಲಸ ಕಳೆದುಕೊಂಡರು. ಬೆಂಗಳೂರಿನಲ್ಲಿ ನೇಮಕಾತಿ ಪತ್ರ ಕೈಯಲ್ಲಿದ್ದ ಎಂಜಿನಿಯರಿಂಗ್ ಪದವೀಧರರು ಕೆಲಸಕ್ಕೆ ಸೇರುವ ದಿನಕ್ಕಾಗಿ ತಿಂಗಳುಗಟ್ಟಲೆ ಕಾದರು.

ಶೇ 9ಕ್ಕೂ ಹೆಚ್ಚಿದ್ದ ಬೆಳವಣಿಗೆ ದರ 2008–09ರಲ್ಲಿ ಆಗಿನ ಲೆಕ್ಕದಂತೆ ಶೇ 6.7ಕ್ಕೆ ಇಳಿಯಿತು. ನಂತರದ ಪರಿಷ್ಕೃತ ಸರಣಿಯಲ್ಲಿ ಅದು ಇನ್ನೂ ಕಡಿಮೆ, ಶೇ 3.1. ರಿಸರ್ವ್ ಬ್ಯಾಂಕ್ ಶೇ 9ರಷ್ಟಿದ್ದ ರೆಪೊ ದರವನ್ನು ಕೆಲವೇ ತಿಂಗಳಲ್ಲಿ ಶೇ 4.75ಕ್ಕೆ ತಂದಿತು. ಕೇಂದ್ರ ಸರ್ಕಾರ ಅಬಕಾರಿ ಸುಂಕ ಇಳಿಸಿತು. ಅದೇ ವರ್ಷ ಘೋಷಿಸಿದ್ದ ರೈತರ ಸಾಲ ಮನ್ನಾ ಮತ್ತು ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೆ ವಿಸ್ತರಣೆಯಾಗಿದ್ದ ಉದ್ಯೋಗ ಖಾತರಿ ಯೋಜನೆ ಹಳ್ಳಿಗಳ ಖರೀದಿ ಶಕ್ತಿಯನ್ನು ಹಿಡಿದು ನಿಲ್ಲಿಸಿದವು.

ಚೇತರಿಕೆ ಬೇಗ ಬಂತು. ಆದರೆ ಅದರ ಬೆಲೆ ತೆರಬೇಕಾದದ್ದು ಆಮೇಲೆ. ಆ ಉತ್ಸಾಹದ ವರ್ಷಗಳಲ್ಲಿ ಬ್ಯಾಂಕುಗಳು ಉಕ್ಕು, ವಿದ್ಯುತ್, ರಸ್ತೆ ಯೋಜನೆಗಳಿಗೆ ನೀಡಿದ ಸಾಲದಲ್ಲಿ ದೊಡ್ಡ ಪಾಲು ವಸೂಲಾಗಲಿಲ್ಲ. 2018ರ ಮಾರ್ಚ್ ವೇಳೆಗೆ ಬ್ಯಾಂಕುಗಳ ಒಟ್ಟು ವಸೂಲಾಗದ ಸಾಲದ ಪ್ರಮಾಣ ಶೇ 11 ದಾಟಿತ್ತು. ಅದು ಶೇ 2.8ಕ್ಕೆ ಇಳಿಯಲು 2024ರವರೆಗೆ ಕಾಯಬೇಕಾಯಿತು.

ಸರ್ಕಾರವೇ ಬೀಗ ಹಾಕಿದಾಗ

2020ರ ಕುಸಿತಕ್ಕೆ ಹಿಂದಿನ ಯಾವುದನ್ನೂ ಹೋಲಿಸಲು ಬರುವುದಿಲ್ಲ. ಮಳೆ ಚೆನ್ನಾಗಿತ್ತು, ಉಗ್ರಾಣ ತುಂಬಿತ್ತು, ಡಾಲರ್‌ಗೆ ಕೊರತೆ ಇರಲಿಲ್ಲ. ಸೋಂಕು ತಡೆಯಲು ಸರ್ಕಾರವೇ ಮಾರ್ಚ್ 25ರಿಂದ ದೇಶಕ್ಕೆ ಬೀಗ ಹಾಕಿತು. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಜಿಡಿಪಿ ಶೇ 23.9ರಷ್ಟು ಕುಸಿದಿದೆ ಎಂದು ಮೊದಲ ಅಂದಾಜು ಹೇಳಿತು. ಕಟ್ಟಡ ನಿರ್ಮಾಣ ವಲಯ ಅರ್ಧಕ್ಕರ್ಧ ಕುಗ್ಗಿತು. ಬೆಳೆದದ್ದು ಕೃಷಿ ಮಾತ್ರ, ಶೇ 3.4ರಷ್ಟು. ಇಡೀ ವರ್ಷದ ಕುಸಿತವನ್ನು ಮೊದಲು ಶೇ 7.3 ಎಂದೂ ನಂತರದ ಪರಿಷ್ಕರಣೆಯಲ್ಲಿ ಶೇ 5.8 ಎಂದೂ ಲೆಕ್ಕ ಹಾಕಲಾಯಿತು.

ಹಿಂದೆ ಬರಗಾಲದಲ್ಲಿ ಹಳ್ಳಿಯ ಜನ ಕೂಲಿ ಹುಡುಕಿಕೊಂಡು ನಗರಕ್ಕೆ ಬರುತ್ತಿದ್ದರು. 2020ರಲ್ಲಿ ಪ್ರವಾಹ ಹಿಮ್ಮುಖವಾಯಿತು. ಹೆದ್ದಾರಿಗಳ ಉದ್ದಕ್ಕೂ ಗಂಟುಮೂಟೆ ಹೊತ್ತು ಊರಿಗೆ ನಡೆದವರ ಚಿತ್ರಗಳನ್ನು ದೇಶ ಕಂಡಿತು. ಮೇ ತಿಂಗಳ ಮೊದಲ ವಾರ ವಲಸೆ ಕಾರ್ಮಿಕರ ವಿಶೇಷ ರೈಲುಗಳನ್ನು ರದ್ದುಪಡಿಸಿದ್ದ ಕರ್ನಾಟಕ ಸರ್ಕಾರ ವ್ಯಾಪಕ ಟೀಕೆಯ ನಂತರ ನಿರ್ಧಾರ ಬದಲಿಸಿತು. ಕೃಷಿಯಲ್ಲಿ ತೊಡಗಿದ ದುಡಿಯುವ ಜನರ ಪಾಲು 2018–19ರಲ್ಲಿ ಶೇ 42.5ರಷ್ಟಿದ್ದದ್ದು 2020–21ರಲ್ಲಿ ಶೇ 46.5ಕ್ಕೆ ಏರಿತು. ದಶಕಗಳ ಕಾಲ ಇಳಿಮುಖವಾಗಿದ್ದ ಅಂಕಿ ಮೇಲೇರಿದ್ದು ಪ್ರಗತಿಯ ಲಕ್ಷಣವಲ್ಲ. ನಗರ ಕೈಬಿಟ್ಟವರನ್ನು ಹೊಲ ಹೊತ್ತುಕೊಂಡಿತು ಎಂಬುದರ ಲೆಕ್ಕ ಅದು.

ಆಗ ನೆರವಿಗೆ ಬಂದವು ಹಳೆಯ ಬಿಕ್ಕಟ್ಟುಗಳು ಬಿಟ್ಟುಹೋದ ವ್ಯವಸ್ಥೆಗಳೇ. ಅರವತ್ತರ ದಶಕದ ಹಸಿವು ಕಟ್ಟಿಸಿದ ಉಗ್ರಾಣಗಳಿಂದ ಸುಮಾರು 80 ಕೋಟಿ ಜನರಿಗೆ ಉಚಿತ ಧಾನ್ಯ ಹೋಯಿತು. ಉದ್ಯೋಗ ಖಾತರಿಯಲ್ಲಿ ಆ ವರ್ಷ 7.5 ಕೋಟಿ ಕುಟುಂಬಗಳು ಕೆಲಸ ಪಡೆದವು. ನಗರದಲ್ಲಿದ್ದವರಿಗೆ ಸಿಕ್ಕಿದ್ದು ಒಂದು ಬಾರಿಯ ಪರಿಹಾರ. ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಆಟೊ, ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಅಗಸರಿಗೆ ತಲಾ 5,000 ರೂಪಾಯಿ ಘೋಷಿಸಿತು. ಉಳಿದಂತೆ ಬಹಳಷ್ಟು ಕುಟುಂಬಗಳಿಗೆ ಆಸರೆಯಾದದ್ದು ಮನೆಯ ಒಡವೆ. ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಚಿನ್ನದ ಮೌಲ್ಯದ ಶೇ 75ರ ಬದಲು ಶೇ 90ರವರೆಗೆ ಸಾಲ ಕೊಡಲು ಬ್ಯಾಂಕುಗಳಿಗೆ ತಾತ್ಕಾಲಿಕ ಅನುಮತಿ ನೀಡಿತು. 1991ರಲ್ಲಿ ಸರ್ಕಾರ ಚಿನ್ನ ಒತ್ತೆಯಿಟ್ಟಿತ್ತು, 2020ರಲ್ಲಿ ಆ ಸರದಿ ಮನೆಮಂದಿಯದಾಯಿತು.

ಮುಂದಿನ ಸಲಕ್ಕೆ ಸಿದ್ಧತೆ ಏನು?

ಹೋಲಿಕೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಅನ್ನದ ಅಭಾವ ಮತ್ತು ಡಾಲರ್ ಅಭಾವದ ವಿರುದ್ಧ ದೇಶ ಗಟ್ಟಿ ತಡೆಗೋಡೆ ಕಟ್ಟಿಕೊಂಡಿದೆ. ಆದಾಯದ ಅಭಾವದ ವಿರುದ್ಧ, ಅದರಲ್ಲೂ ನಗರದ ಅಸಂಘಟಿತ ದುಡಿಮೆಗಾರರ ಪಾಲಿಗೆ, ಅಂಥ ಗೋಡೆ ಇನ್ನೂ ಇಲ್ಲ. ಇಎಸ್‌ಐ ಅಡಿ ನಿರುದ್ಯೋಗ ಭತ್ಯೆ ಇದೆಯಾದರೂ ಅದು ವಿಮಾ ವ್ಯಾಪ್ತಿಯಲ್ಲಿರುವವರಿಗೆ ಮಾತ್ರ. 2021ರಲ್ಲಿ ಆರಂಭವಾದ ಇ–ಶ್ರಮ್ ಪೋರ್ಟಲ್‌ನಲ್ಲಿ 30 ಕೋಟಿಗೂ ಹೆಚ್ಚು ಕಾರ್ಮಿಕರ ಹೆಸರಿದೆ. ಆದರೆ ಹೆಸರು ನೋಂದಾಯಿಸಿದ ಮಾತ್ರಕ್ಕೆ ಕೆಲಸ ಹೋದಾಗ ಹಣ ಬರುವುದಿಲ್ಲ. ರಾಜಸ್ಥಾನ 2022ರಲ್ಲಿ ನಗರ ಉದ್ಯೋಗ ಖಾತರಿಯ ಪ್ರಯೋಗ ಆರಂಭಿಸಿತು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಲ್ಯಾಣ ನಿಧಿಗೆ ಕಾನೂನು ರೂಪಿಸಿತು. ಇವು ಉತ್ತಮ ಆರಂಭವೇ ಹೊರತು ಪರಿಪೂರ್ಣ ವ್ಯವಸ್ಥೆಯಲ್ಲ.

ಹಳ್ಳಿಯ ಗೋಡೆಯ ಸ್ವರೂಪವೂ ಬದಲಾಗುತ್ತಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಕೆಲಸದ ದಿನಗಳು 100ರಿಂದ 125ಕ್ಕೆ ಏರಿವೆ. ಜತೆಗೆ ಬಹುತೇಕ ರಾಜ್ಯಗಳು ವೆಚ್ಚದ ಶೇ 40ರಷ್ಟನ್ನು ಭರಿಸಬೇಕಾಗಿದೆ. ಕೇಂದ್ರ ನಿಗದಿಪಡಿಸಿದ ಮೊತ್ತ ಮೀರಿದ ಖರ್ಚೂ ರಾಜ್ಯಗಳದ್ದೇ. ಹಿಂಜರಿತದ ಕಾಲದಲ್ಲಿ ಕೆಲಸ ಕೇಳಿ ಬರುವವರ ಸಂಖ್ಯೆ ಏರುತ್ತದೆ, ಅದೇ ಹೊತ್ತಿಗೆ ರಾಜ್ಯಗಳ ತೆರಿಗೆ ಸಂಗ್ರಹ ಇಳಿಯುತ್ತದೆ. 2020ರಲ್ಲಿ ಕೇಂದ್ರ ಹೆಚ್ಚುವರಿಯಾಗಿ 40,000 ಕೋಟಿ ರೂಪಾಯಿ ಒದಗಿಸಿದ್ದರಿಂದ ಆ ಒತ್ತಡ ನಿಭಾಯಿಸಲು ಸಾಧ್ಯವಾಯಿತು.

ಮುಂದಿನ ಹೊಡೆತ ಮುಗಿಲಿನಿಂದ ಬರುವುದೋ, ತೈಲ ಬಾವಿಯಿಂದಲೋ, ವಿದೇಶಿ ಮಾರುಕಟ್ಟೆಯಿಂದಲೋ ಹೇಳಲಾಗದು. ಎಲ್ಲಿಂದ ಬಂದರೂ ಅದನ್ನು ಮೊದಲು ತಾಳಿಕೊಳ್ಳಬೇಕಾದವರು ದಿನಗೂಲಿಯವರು. ತಿಂಗಳ ಬಾಡಿಗೆ ಕಟ್ಟಲಾಗದೆ ಅವರು ಮತ್ತೆ ಹೆದ್ದಾರಿ ಹಿಡಿಯದಂತೆ ನೋಡಿಕೊಳ್ಳುವ ಹೊಣೆಯನ್ನು ಕೇಂದ್ರ ಮತ್ತು ರಾಜ್ಯಗಳ ನಡುವೆ ಯಾರು ಹೊರಬೇಕು ಎಂಬುದನ್ನು ಆರ್ಥಿಕತೆ ಬೆಳೆಯುತ್ತಿರುವಾಗಲೇ ತೀರ್ಮಾನಿಸುವುದು ಒಳಿತು.