ಕೊಳಕು ಹಂದಿಯದಲ್ಲ, ಊರಿನದು

ಬೆಂಗಳೂರಿನ ಬಾರ್ಬೆಕ್ಯೂ ಹೋಟೆಲಿನ ಮೆನುವಿನಲ್ಲಿ ‘ಸ್ಮೋಕ್ಡ್ ಪೋರ್ಕ್ ರಿಬ್ಸ್’ ಎಂದಿದ್ದರೆ ಅದು ದುಬಾರಿ ತಿನಿಸು. ಅದನ್ನೇ ‘ಹೊಗೆಯಲ್ಲಿ ಬೇಯಿಸಿದ ಹಂದಿಯ ಪಕ್ಕೆಲುಬು’ ಎಂದು ಹೇಳಿದರೆ ನಮ್ಮ ಚಿತ್ತಾಪುರ, ಸೇಡಂ ಕಡೆ ಅನೇಕರು ಮುಖ ತಿರುಗಿಸುತ್ತಾರೆ. ಇನ್ನೊಂದೆಡೆ, ಇದೇ ಪ್ರಾಣಿಯನ್ನು ಸಾಕಲು ಕೇಂದ್ರ ಸರ್ಕಾರ 30 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ಮತ್ತೊಂದೆಡೆ, ಬೀದಿಗೆ ಬಂದ ಹಂದಿಗಳನ್ನು ಹಿಡಿದು ಊರಾಚೆ ಸಾಗಿಸುವ ಕಾರ್ಯಾಚರಣೆ ಪಟ್ಟಣಗಳಲ್ಲಿ ಆಗಾಗ ನಡೆಯುತ್ತಲೇ ಇರುತ್ತದೆ. ಪ್ರಾಣಿ ಒಂದೇ ಆದರೂ ಬೆಲೆ ಮಾತ್ರ ಜಾಗಕ್ಕೊಂದು. ಉದ್ಯೋಗ ಹುಡುಕುತ್ತಿರುವ ನಮ್ಮ ವಯಸ್ಸಿನವರು ಈ ವ್ಯತ್ಯಾಸವನ್ನು ಒಮ್ಮೆ ಬಿಡಿಸಿ ನೋಡಬೇಕು.

ನನಗೆ ಈ ಪ್ರಶ್ನೆ ಹುಟ್ಟಿದ್ದು ಒಂದು ಅಡುಗೆಯಿಂದ. ಸೆಮಿಸ್ಟರ್ ರಜೆಯಲ್ಲಿ ಗುಂಡಗುರ್ತಿಯ ಮನೆಯ ಹಿತ್ತಲಲ್ಲಿ ಮೊದಲ ಬಾರಿಗೆ ಹಂದಿಯ ಪಕ್ಕೆಲುಬನ್ನು ಹೊಗೆಯಲ್ಲಿ ಬೇಯಿಸಿದೆ. ಯಂತ್ರವನ್ನೇನೂ ಕೊಳ್ಳಲಿಲ್ಲ. ಇಟ್ಟಿಗೆ ಜೋಡಿಸಿ ಉದ್ದನೆಯ ಗೂಡು ಕಟ್ಟಿ, ಒಂದು ತುದಿಯಲ್ಲಿ ಕೆಂಡ, ಇನ್ನೊಂದು ತುದಿಯಲ್ಲಿ ಜಾಲರಿ ಇಟ್ಟೆ. ಮುಚ್ಚಳಕ್ಕೆ ನಮ್ಮ ಕಡೆ ಎಲ್ಲ ಮನೆಯಲ್ಲೂ ಸಿಗುವ ಶಹಾಬಾದ್ ಪರ್ಸಿ. ಅದು ಸುಣ್ಣದ ಕಲ್ಲು, ನೇರ ಬೆಂಕಿ ತಾಗಿದರೆ ಸಿಡಿಯಬಹುದು. ಆದ್ದರಿಂದ ಮಾಂಸದ ತುದಿಗೆ ಮಾತ್ರ ಪರ್ಸಿ, ಬೆಂಕಿಯ ತುದಿಗೆ ಇಟ್ಟಿಗೆಯೇ. ತೊಗರಿ ಕಟ್ಟಿಗೆ ಭರ್ರನೆ ಉರಿದು ಮುಗಿಯುತ್ತದೆ, ಬೆಂಕಿ ಹೊತ್ತಿಸಲಷ್ಟೇ ಸರಿ. ಕೆಂಡಕ್ಕೆ ಜಾಲಿ, ಹೊಗೆಗೆ ಒಣಗಿದ ಮಾವಿನ ಕಟ್ಟಿಗೆ.

ಗೂಡಿನ ಶಾಖ 110ರಿಂದ 120 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಾಂಸದ ಒಳಶಾಖ 70 ಡಿಗ್ರಿ ಹತ್ತಿರ ಬಂದಾಗ ಡಿಜಿಟಲ್ ಥರ್ಮಾಮೀಟರ್ ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಕಾರಣ, ಮೇಲ್ಮೈಯ ನೀರು ಆವಿಯಾಗುತ್ತಾ ಮಾಂಸವನ್ನು ತಂಪು ಮಾಡುತ್ತಿರುತ್ತದೆ. ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವುದೂ ಇದೇ ಲೆಕ್ಕದಲ್ಲಿ. ಫಾಯಿಲ್ ಸುತ್ತಿದರೆ ಆವಿ ನಿಂತು ಶಾಖ ಮತ್ತೆ ಏರುತ್ತದೆ. 90 ಡಿಗ್ರಿ ದಾಟಿದ ಮೇಲೆ ಎಲುಬಿಗೆ ಅಂಟಿದ ಗಟ್ಟಿ ಕೊಲಾಜನ್ ಕರಗಿ, ಮಾಂಸ ಮೆತ್ತಗಾಗುತ್ತದೆ. ಇಷ್ಟಕ್ಕೆ ಆರು ಗಂಟೆ ಹಿಡಿಯಿತು.

ಹೊಗೆಯ ಅಡುಗೆ ನಮ್ಮ ನಾಡಿಗೆ ಹೊಸದೇನಲ್ಲ. ಕೊಡಗಿನಲ್ಲಿ ಹಂದಿಯ ಮಾಂಸ ಹಬ್ಬದೂಟ. ಕಾಚಂಪುಳಿ ಹಾಕಿದ ಪಂದಿ ಕರಿ ಆ ಜಿಲ್ಲೆಯ ಗುರುತೇ ಆಗಿದೆ. ತಿಂಗಳುಗಟ್ಟಲೆ ಮಳೆ ಹಿಡಿಯುವ ಅಲ್ಲಿ, ಒಲೆಯ ಮೇಲೆ ಮಾಂಸ ಕಟ್ಟಿ ಹೊಗೆಗೆ ಒಣಗಿಸುವ ರೂಢಿಯಿತ್ತು. ಬಿಸಿಲಿಗೆ ಬರವಿಲ್ಲದ ನಮ್ಮ ಕಡೆ ಖಂಡವನ್ನು ಹಗ್ಗಕ್ಕೆ ಹಾಕಿ ಬಿಸಿಲಿಗೆ ಒಣಗಿಸುತ್ತಾರೆ. ಎರಡೂ ಕಡೆ ಕೆಲಸ ಒಂದೇ, ಮಾಂಸದ ನೀರು ತೆಗೆದು ಕೆಡದಂತೆ ಇಡುವುದು. ಹೊಗೆ ಹಾಕಿದ ಮಾಂಸವೂ ಸೇರುವ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ಇದು ಅಪರೂಪಕ್ಕೆ ಮಾಡುವ ಅಡುಗೆಯಾಗಿಯೇ ಇರಲಿ.

ಹಿತ್ತಲಿನ ಹೊಗೆ ನೋಡಿ ಬಂದ ಹಿರಿಯರೊಬ್ಬರು, ‘ಏ ತಮ್ಮಾ, ಆ ಹಂದಿ ಏನ್ ತಿಂದಿತ್ತೊ ಯಾರಿಗ್ ಗೊತ್ತದ?’ ಎಂದು ಕೇಳಿದರು. ಅವರದು ತಿರಸ್ಕಾರದ ಮಾತಾಗಿರಬಹುದು, ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ಶೆಡ್ಡಿನಲ್ಲಿ ಕಟ್ಟಿ, ಮೆಕ್ಕೆಜೋಳ ಮತ್ತು ಹಿಂಡಿ ತಿನ್ನಿಸಿ ಬೆಳೆಸಿದ ಹಂದಿಗೂ ಚರಂಡಿಯಲ್ಲಿ ಮೇಯ್ದ ಹಂದಿಗೂ ವ್ಯತ್ಯಾಸವಿದೆ. ಆದರೆ ಆ ವ್ಯತ್ಯಾಸಕ್ಕೆ ಕಾರಣ ಹಂದಿಯೇ?

ಹಂದಿ ಮಾಂಸದ ವಿಷಯದಲ್ಲಿ ಎಲ್ಲರೂ ಹೆದರುವುದು ಲಾಡಿಹುಳುವಿಗೆ. ಅದರ ಸುತ್ತು ಹೀಗಿದೆ: ಹುಳು ಇರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಬೀಳುತ್ತವೆ. ಬಯಲಿನಲ್ಲಿ ಆ ಮಲ ತಿಂದ ಹಂದಿಯ ಮಾಂಸದಲ್ಲಿ ಗಂಟುಗಳಾಗುತ್ತವೆ. ಆ ಮಾಂಸವನ್ನು ಅರೆಬರೆ ಬೇಯಿಸಿ ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಆದರೆ ಮಿದುಳಿಗೆ ಹೋಗಿ ಫಿಟ್ಸ್ ತರುವ ಕಾಯಿಲೆ ಬರುವುದು ಮಾಂಸದಿಂದಲ್ಲ. ಮನುಷ್ಯನ ಮಲದ ಮೊಟ್ಟೆಗಳು ಕೊಳಕು ನೀರು, ತೊಳೆಯದ ಕೈ ಅಥವಾ ಹಸಿ ತರಕಾರಿಯ ಮೂಲಕ ಹೊಟ್ಟೆ ಸೇರಿದಾಗ ಅದು ಬರುತ್ತದೆ. ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಬರಬಹುದು. ಈ ಸೋಂಕು ಬೇರೂರಿರುವ ಪ್ರದೇಶಗಳಲ್ಲಿ ಮೂರ್ಛೆ ರೋಗದ ಸುಮಾರು ಶೇ 30ರಷ್ಟು ಪ್ರಕರಣಗಳಿಗೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಂದರೆ ಈ ಸುತ್ತಿನಲ್ಲಿ ಹಂದಿ ನಡುವೆ ಸಿಕ್ಕಿಕೊಂಡ ಪ್ರಾಣಿಯಷ್ಟೇ. ಸುತ್ತು ಶುರುವಾಗುವುದು ಶೌಚಾಲಯ ಇಲ್ಲದ ಕಡೆ, ಇದ್ದರೂ ಬಳಸದ ಕಡೆ. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತವನ್ನು ಬಯಲು ಬಹಿರ್ದೆಸೆ ಮುಕ್ತ ಎಂದು ಘೋಷಿಸಲಾಯಿತು. ಬೆಳಿಗ್ಗೆ ತಂಬಿಗೆ ಹಿಡಿದು ಹೊರಡುವವರು ನಿಮ್ಮೂರಿನಲ್ಲಿ ಇನ್ನೂ ಇದ್ದಾರೆಯೇ ಎಂಬುದು ನಿಮಗೇ ಗೊತ್ತು.

ಈಗ ಉದ್ಯೋಗದ ಮಾತಿಗೆ ಬರೋಣ. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ 90.6 ಲಕ್ಷ ಹಂದಿಗಳಿದ್ದವು. 2012ಕ್ಕೆ ಹೋಲಿಸಿದರೆ ಶೇ 12ರಷ್ಟು ಕಡಿಮೆ. ಹಂದಿಯ ಗರ್ಭಾವಧಿ ಸುಮಾರು 114 ದಿನ, ಒಂದು ಸೂಲಿಗೆ ಎಂಟು–ಹತ್ತು ಮರಿ. ಇಷ್ಟು ಬೇಗ ಹೆಚ್ಚುವ ಪ್ರಾಣಿ ದೇಶದಲ್ಲಿ ಕಡಿಮೆಯಾಗುತ್ತಿದೆ. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ ಅಡಿ 100 ಹೆಣ್ಣು, 10 ಗಂಡು ಹಂದಿಗಳ ಘಟಕಕ್ಕೆ ಬಂಡವಾಳ ವೆಚ್ಚದ ಶೇ 50ರಷ್ಟು, ಗರಿಷ್ಠ 30 ಲಕ್ಷ ರೂಪಾಯಿ ಸಹಾಯಧನವಿದೆ. ಕೇಳಲು ಚೆನ್ನಾಗಿದೆ. ಆದರೆ ಸ್ವಂತ ಅಥವಾ ಗುತ್ತಿಗೆಯ ಜಮೀನು ಇರಬೇಕು, ಉಳಿದರ್ಧಕ್ಕೆ ಬ್ಯಾಂಕ್ ಸಾಲ ಅಥವಾ ಕೈಯಲ್ಲಿ ದುಡ್ಡು ಇರಬೇಕು.

ಹಂದಿ ಸಾಕುವ ಕಸುಬು ತಲೆಮಾರುಗಳಿಂದ ಬಲ್ಲವರು ಯಾರು? ಹಂದಿಜೋಗಿಗಳು, ಕೊರಮರು, ಕೊರಚರು. ಇವು ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವ ಸಮುದಾಯಗಳು. ಮರಿಯ ಕಾಯಿಲೆಯನ್ನು ಅದರ ನಡಿಗೆ ನೋಡಿಯೇ ಹೇಳಬಲ್ಲ ಕುಟುಂಬಗಳಲ್ಲಿ ಎಷ್ಟಕ್ಕೆ ಜಮೀನಿದೆ? ಗುತ್ತಿಗೆಗೆ ಕೇಳಿದರೂ ‘ಹಂದಿ ಶೆಡ್ಡಿಗೆ ಹೊಲ ಕೊಡಲ್ಲ’ ಎನ್ನುವವರೇ ಹೆಚ್ಚು. ಜಾಗವಿಲ್ಲದೆ ಹಂದಿ ಬೀದಿಗೆ ಬರುತ್ತದೆ, ಬೀದಿಯಲ್ಲಿ ಹೊಲಸು ತಿನ್ನುತ್ತದೆ. ಹೊಲಸು ತಿಂದಿತೆಂದು ಅದಕ್ಕೂ, ಸಾಕಿದವರಿಗೂ ಕೊಳಕು ಎಂಬ ಹೆಸರು. ಆ ಹೆಸರಿನಿಂದ ಮತ್ತೆ ಜಾಗ ಸಿಗುವುದಿಲ್ಲ. ಲಾಡಿಹುಳುವಿನಂತೆ ಇದೂ ಒಂದು ಸುತ್ತು. ಕೊನೆಗೆ ಸಹಾಯಧನ ಸೇರುವುದು ಜಮೀನು ಇರುವವರಿಗೆ, ಕಸುಬು ಬಲ್ಲವರಿಗೆ ಹೆಚ್ಚೆಂದರೆ ಅಲ್ಲಿ ಕೂಲಿ ಸಿಗಬಹುದು.

ಬೀದಿಗೆ ಬಿಟ್ಟು ಸಾಕುವುದರಲ್ಲಿ ಇನ್ನೊಂದು ಅಪಾಯವಿದೆ. 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶದ ಮೂಲಕ ಭಾರತಕ್ಕೆ ಬಂದ ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ತಗಲುವುದಿಲ್ಲ, ಆದರೆ ತಗಲಿದ ಹಂದಿಗೆ ಔಷಧಿಯಿಲ್ಲ. ಹೋಟೆಲ್ ಮುಸುರೆಯನ್ನು ಕುದಿಸದೆ ಹಾಕುವುದು, ಹಿಂಡು ಕಂಡಲ್ಲಿ ತಿರುಗುವುದು ಅದು ಹರಡುವ ದಾರಿಗಳು. ಒಂದೇ ವಾರದಲ್ಲಿ ಇಡೀ ಹಿಂಡು ಹೋದರೆ ಬಡ ಕುಟುಂಬಕ್ಕೆ ಉಳಿಯುವುದು ಸಾಲ ಮಾತ್ರ.

ಮಾಡಬೇಕಾದದ್ದು ದೊಡ್ಡದೇನಲ್ಲ. ಊರಿನಿಂದ ದೂರದ ಸರ್ಕಾರಿ ಜಾಗದಲ್ಲಿ ಪಂಚಾಯಿತಿ ನಾಲ್ಕಾರು ಕುಟುಂಬಗಳಿಗೆ ಸೇರಿ ಒಂದು ಶೆಡ್ಡು ಕಟ್ಟಿಸಲಿ. ಸ್ವಸಹಾಯ ಗುಂಪಿನ ಹೆಸರಿನಲ್ಲಿ ಆ ಜಾಗವನ್ನು ಗುತ್ತಿಗೆಗೆ ಕೊಟ್ಟರೆ ಮಿಷನ್ನಿನ ಷರತ್ತನ್ನು ಪೂರೈಸುವ ದಾರಿ ತೆರೆಯುತ್ತದೆ. ತಾಲ್ಲೂಕಿಗೊಂದು ಕಡೆ ಪಶುವೈದ್ಯರು ಪರೀಕ್ಷಿಸಿ ಮುದ್ರೆ ಹಾಕುವ ವಧಾಗಾರ ಇದ್ದರೆ, ‘ಏನ್ ತಿಂದಿತ್ತೊ’ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಪಕ್ಕದ ಬೀದರ್‌ನಲ್ಲೇ ಇದೆ, ತರಬೇತಿಗೆ ದೂರ ಹುಡುಕಬೇಕಿಲ್ಲ. ಪ್ರಾಜೆಕ್ಟ್ ವರದಿ, ಆನ್‌ಲೈನ್ ಅರ್ಜಿ, ಲೆಕ್ಕಪತ್ರ ಬಲ್ಲ ಪದವೀಧರರು ಪ್ರತಿ ಊರಿನಲ್ಲೂ ಕೆಲಸವಿಲ್ಲದೆ ಕುಳಿತಿದ್ದೇವೆ. ಕಸುಬು ಬಲ್ಲವರೂ ಕಾಗದ ಬಲ್ಲವರೂ ಒಂದೇ ಗುಂಪಿನಲ್ಲಿ ಸಮಪಾಲು ಹಿಡಿದು ಕುಳಿತರೆ ಇಬ್ಬರಿಗೂ ಕೆಲಸ.

ಹಂದಿ ತಿನ್ನುವುದು, ಬಿಡುವುದು ಅವರವರ ಇಷ್ಟ. ಬೇಡ ಎನ್ನುವವರ ತಟ್ಟೆಗೆ ಯಾರೂ ಬಡಿಸುತ್ತಿಲ್ಲ. ಆದರೆ ನಮ್ಮ ಚರಂಡಿಯ ಕೊಳಕನ್ನು ಒಂದು ಪ್ರಾಣಿಯ ಹೆಸರಿಗೆ, ಅಲ್ಲಿಂದ ಅದನ್ನು ಸಾಕುವವರ ಹೆಸರಿಗೆ ಬರೆಯುವುದು ಇಷ್ಟಾನಿಷ್ಟದ ಮಾತಲ್ಲ, ಅನ್ಯಾಯ. ಮುಂದಿನ ಗ್ರಾಮಸಭೆಯಲ್ಲಿ ಬೀದಿ ಹಂದಿಗಳ ಬಗ್ಗೆ ದೂರು ಬಂದಾಗ, ಅವನ್ನು ಹಿಡಿಯುವವರು ಯಾರು ಎಂದು ಕೇಳುವ ಮೊದಲು, ಅವಕ್ಕೆ ಜಾಗ ಎಲ್ಲಿ ಎಂದು ನಮ್ಮಲ್ಲೊಬ್ಬರು ಎದ್ದು ನಿಂತು ಕೇಳಬೇಕು.