ನೆರವು ನಿಂತ ಮೇಲೆ ಏನು ಉಳಿಯಬೇಕು?

2025ರ ಜುಲೈ 1ರಂದು ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿತು. ಆ ವರ್ಷದ ಜನವರಿಯಲ್ಲೇ ಹಣ ತಡೆಹಿಡಿದಿದ್ದರಿಂದ ಬಡದೇಶಗಳ ಅನೇಕ ಚಿಕಿತ್ಸಾಲಯಗಳೂ ಆಹಾರ ಯೋಜನೆಗಳೂ ಏಕಾಏಕಿ ನಿಂತಿದ್ದವು. ಹಣ ಕೊಡುವವರು ಕೈಬಿಟ್ಟರೆ ಊರಿನಲ್ಲಿ ಏನು ಉಳಿಯುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಕರ್ನಾಟಕದ ಗಡಿಯಾಚೆಯ ತಾಳವಾಡಿ ಬೆಟ್ಟದ ಕಡೆ ಒಮ್ಮೆ ನೋಡಬೇಕು.

ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಬಹುಪಾಲು ಜನರ ಮನೆಮಾತು ಕನ್ನಡ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು, ಚಾಮರಾಜನಗರವೇ ಹತ್ತಿರ. ಸುತ್ತ ಸತ್ಯಮಂಗಲ ಹುಲಿ ಮೀಸಲು ಅರಣ್ಯ. ಮಳೆ ನಂಬಿದ ಬೇಸಾಯ, ಬೆಳೆಗೆ ನುಗ್ಗುವ ಆನೆ, ಕಾಡಂಚಿನ ಹಾಡಿಗಳಲ್ಲಿ ಸೋಲಿಗ ಬುಡಕಟ್ಟಿನವರು. ಕಾಡುಗಳ್ಳ ವೀರಪ್ಪನ್ ಕಾಲದ ಭಯವನ್ನೂ ಈ ಸೀಮೆ ಉಂಡಿದೆ. ಆಡುವ ಮಾತು ಒಂದು, ಸರ್ಕಾರಿ ಅರ್ಜಿಯ ಭಾಷೆ ಇನ್ನೊಂದು ಆದಾಗ, ಹಕ್ಕಿನಿಂದ ಬರಬೇಕಾದದ್ದೂ ಮಧ್ಯವರ್ತಿಯ ಕೈ ದಾಟಿಯೇ ಬರುವ ಅಪಾಯವಿರುತ್ತದೆ. ಇಂಥ ಊರುಗಳಿಗೆ ಹೊರಗಿನ ನೆರವು ಬೇಕು. ಅದು ಹೇಗೆ ಬರಬೇಕು ಎಂಬುದೇ ಮುಖ್ಯ.

ತಾಳವಾಡಿಯಲ್ಲಿ ಕೆಲಸ ಮಾಡಿದ ಸಂಸ್ಥೆಗಳಲ್ಲಿ ಮೈರಾಡ ಒಂದು. 1968ರಲ್ಲಿ ಅದು ಹುಟ್ಟಿದ್ದು ಕರ್ನಾಟಕಕ್ಕೆ ಬಂದ ಟಿಬೆಟನ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. ಮನೆಮಠ ಕಳೆದುಕೊಂಡು ಬಂದವರಿಗೆ ಮೊದಲು ಬೇಕಾದದ್ದು ಅನ್ನ, ಔಷಧ, ಸೂರು. ಅಲ್ಲಿ ಷರತ್ತು ಹಾಕುವುದು ಅಮಾನವೀಯ. ಆದರೆ ಆ ಕೆಲಸ ಮುಗಿದು ಸಂಸ್ಥೆ ಇಲ್ಲಿನ ಹಳ್ಳಿಗಳ ಬಡವರ ಕಡೆ ತಿರುಗಿದಾಗ ಬೇರೆಯೇ ಸವಾಲು ಎದುರಾಯಿತು. ಹಳ್ಳಿಯ ಬಡತನ ಒಂದು ದಿನ ಬಂದ ವಿಪತ್ತಲ್ಲ, ತಲೆಮಾರುಗಳಿಂದ ಸಾಲ, ಜಾತಿ, ಭೂಮಿಯ ಕೊರತೆಗಳಲ್ಲಿ ಕಟ್ಟಿಕೊಂಡು ಬಂದ ಸ್ಥಿತಿ. ಹಂಚಿಕೆಯಿಂದ ಅದು ಕರಗುವುದಿಲ್ಲ.

ಮೈರಾಡ ತನ್ನ ಹಳ್ಳಿಗಳಲ್ಲಿ ಮೊದಲು ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತು. 1980ರ ದಶಕದ ನಡುವೆ ಅವುಗಳಲ್ಲಿ ಹಲವು ಮುರಿದುಬಿದ್ದವು. ಸಂಘ ದೊಡ್ಡದಾದಾಗ ಬಲಿಷ್ಠರು ಮುಂದೆ ಬಂದರು, ಬಡವರು ಹಿಂದೆ ಉಳಿದರು, ನಂಬಿಕೆ ಹೋಯಿತು. ಆಗ ಒಂದು ಅಚ್ಚರಿ ನಡೆಯಿತು. ಸಾಲ ಪಡೆದ ಸಣ್ಣ ಸಣ್ಣ ಗುಂಪಿನವರು ಸಂಸ್ಥೆಯ ಬಳಿ ಬಂದು, ಸಾಲ ತೀರಿಸಲು ನಾವು ತಯಾರು, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ ಎಂದರು. ಹಾಗಾದರೆ ನೀವು ನೀವೇ ಸೇರಿ, ನಿಮ್ಮ ಗುಂಪಿಗೇ ಹಿಂತಿರುಗಿಸಿ ಎಂಬ ಉತ್ತರ ಬಂತು. ಜನ ತಾವೇ ಆರಿಸಿಕೊಂಡಿದ್ದ ಆ ಗುಂಪುಗಳೇ ಇಂದಿನ ಸ್ವಸಹಾಯ ಸಂಘಗಳ ಮೂಲರೂಪಗಳಲ್ಲಿ ಒಂದು.

ಇಂಥ ಸಂಘದ ಕೆಲಸದ ರೀತಿ ಸರಳ. ಹತ್ತರಿಂದ ಇಪ್ಪತ್ತು ಜನ, ಒಬ್ಬರನ್ನೊಬ್ಬರು ಬಲ್ಲವರು, ಸೇರುತ್ತಾರೆ. ವಾರ ವಾರ ಕೈಲಾದಷ್ಟು ಉಳಿತಾಯ ಹಾಕುತ್ತಾರೆ. ಕೂಡಿದ ಹಣದಿಂದ ಯಾರಿಗೆ, ಯಾತಕ್ಕೆ, ಎಷ್ಟು ಸಾಲ, ಎಷ್ಟು ಬಡ್ಡಿ ಎಂದು ಎಲ್ಲರೆದುರೇ ತೀರ್ಮಾನಿಸುತ್ತಾರೆ. ಮಗುವಿನ ಜ್ವರಕ್ಕೂ ಬಿತ್ತನೆ ರಾಗಿಗೂ ಹಣ ಅಲ್ಲೇ ಸಿಗುತ್ತದೆ, ಸಾಹುಕಾರನ ಮನೆ ಬಾಗಿಲಿಗೆ ಹೋಗಬೇಕಿಲ್ಲ. ಲೆಕ್ಕದ ಪುಸ್ತಕ ಸದಸ್ಯರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ತಾಳವಾಡಿಯಂಥ ಗಡಿನಾಡಿನಲ್ಲಿ ಇದು ಸಣ್ಣ ಮಾತಲ್ಲ. ಓದಲಾಗದ ಲೆಕ್ಕವನ್ನು ಯಾರೂ ಪ್ರಶ್ನಿಸಲಾರರು.

1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ ಈ ಪ್ರಯೋಗಕ್ಕಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಪತ್ರ, ಒಡವೆ, ಜಾಮೀನು ಏನೂ ಇಲ್ಲದ ಹೆಂಗಸರಿಗೆ ಅವರ ಸಂಘದ ನಡತೆ ನೋಡಿ ಬ್ಯಾಂಕು ಸಾಲ ಕೊಟ್ಟಿತು. ಇಂದು ದೇಶದಲ್ಲಿ ಇಂಥ ಸಂಘಗಳು ಒಂದು ಕೋಟಿಗೂ ಹೆಚ್ಚು. ಹಣ ಕೊಟ್ಟ ಸಂಸ್ಥೆಗಳು ಬಂದು ಹೋದವು, ತೀರ್ಮಾನ ಮಾಡುವ ಅಭ್ಯಾಸ ಜನರಲ್ಲೇ ನಿಂತಿತು.

ಹಾಗೆಂದು ಸಂಘ ಎಲ್ಲಕ್ಕೂ ಮದ್ದಲ್ಲ. ಗುಂಪನ್ನು ಬರೀ ಸಾಲ ವಸೂಲಿಯ ಸಾಧನ ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನು ಮೈಕ್ರೋ ಫೈನಾನ್ಸ್ ಕಂಪನಿಗಳ ಕಿರುಕುಳ ತೋರಿಸಿದೆ. ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಉಳಿತಾಯದಿಂದ ಆರಂಭವಾಗದೆ ಸಾಲದಿಂದ ಆರಂಭವಾಗುವ ಗುಂಪು ಬಡವರ ಗುಂಪಲ್ಲ, ಸಾಲಗಾರರ ಪಟ್ಟಿ. ಇನ್ನು, ಆನೆ ತುಳಿದ ಹೊಲಕ್ಕೆ ಪರಿಹಾರ, ಬೆಟ್ಟಕ್ಕೊಂದು ಸುಸಜ್ಜಿತ ಆಸ್ಪತ್ರೆ, 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಸೋಲಿಗರಿಗೆ ಸಲ್ಲಬೇಕಾದ ಹಕ್ಕುಪತ್ರ, ಇವು ಸರ್ಕಾರದ ಹೊಣೆ. ವಾರದ ಉಳಿತಾಯದಿಂದ ಆಸ್ಪತ್ರೆ ಕಟ್ಟಿಕೊಳ್ಳಿ ಎಂದು ಬಡವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಊರಿಗೋ ಬೇರೆ ದೇಶಕ್ಕೋ ನೆರವಿನ ಯೋಜನೆ ಬಂದಾಗ ಎಷ್ಟು ಕೋಟಿ ಎಂದಷ್ಟೇ ಕೇಳಿ ಸುಮ್ಮನಾಗಬಾರದು. ಖರ್ಚಿನ ತೀರ್ಮಾನ ಯಾರ ಕೈಯಲ್ಲಿದೆ, ಲೆಕ್ಕ ಯಾರಿಗೆ ಓದಲು ಬರುತ್ತದೆ, ಅತ್ಯಂತ ಬಡವರು ಸಭೆಯಲ್ಲಿ ಬಾಯಿ ಬಿಡುತ್ತಾರೆಯೇ ಎಂದೂ ಕೇಳಬೇಕು. ಹಸಿದವರಿಗೆ ಇವತ್ತೇ ಅನ್ನ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಅದರಾಚೆಯ ಪ್ರತಿ ರೂಪಾಯಿಯೂ ಪಡೆದವರ ಕೈಗೆ ಅಧಿಕಾರ ದಾಟಿಸುವಂತಿರಬೇಕು. ಹಾಗೆ ದಾಟಿಸದ ಯೋಜನೆ ಎಷ್ಟು ದೊಡ್ಡದಾದರೂ ದಾನಿಯ ಮನಸ್ಸು ಬದಲಾಗುವವರೆಗಷ್ಟೇ ಬಾಳುತ್ತದೆ.