ಕೊರೆಯುವ ಚಳಿ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು 22 ಪರೀಷಹಗಳನ್ನು ಹೆಸರಿಸುತ್ತದೆ. ಹಸಿವು, ಬಾಯಾರಿಕೆಗಳ ಬಳಿಕ ಮೂರನೆಯದಾಗಿ ಬರುವುದು ಶೀತ. ಇದನ್ನು ಓದುತ್ತಿದ್ದ ಕಿರಿಯ ಮಿತ್ರರೊಬ್ಬರು, ‘ಮುನಿಗಳು ನೆಗಡಿಯನ್ನು ಸಹಿಸಿಕೊಳ್ಳಬೇಕೆಂದು ಅರ್ಥವೇ?’ ಎಂದು ಕೇಳಿದರು. ನಕ್ಕು ಬಿಡುವ ಪ್ರಶ್ನೆಯಲ್ಲ. ‘ಶೀತವಾಗಿದೆ’ ಎಂದರೆ ಇಂದಿನ ಕನ್ನಡದಲ್ಲಿ ಮೂಗು ಸೋರುತ್ತಿದೆ ಎಂದೇ ತಿಳಿಯುತ್ತೇವೆ. ಬಟ್ಟೆಯಿಲ್ಲದೆ, ಬೆಂಕಿಯನ್ನೂ ಬಯಸದೆ ಮಾಗಿಯ ಇರುಳನ್ನು ಕಳೆಯುವ ದಿಗಂಬರ ಮುನಿಯ ಚಿತ್ರ ಆ ಪದದಿಂದ ಜಾರಿಹೋಗಿದೆ.

ಅಂಚಿನಲ್ಲಿ ‘ಕೊರೆಯುವ ಚಳಿ’ ಎಂದು ಬರೆದುಕೊಳ್ಳಿರೆಂದೆ. ‘ಪತ್ರಿಕೆಗಳಲ್ಲಿ ಬರುತ್ತದಲ್ಲ, ಅದೇ ಚಳಿಯೇ?’ ಎಂದರು. ಉತ್ತರಿಸಲು ತುಸು ತಡವರಿಸಿದೆ.

ಕೊರೆ ಎಂಬುದು ಕೆಲಸದ ಕ್ರಿಯಾಪದ. ಕಲ್ಲನ್ನು ಕೊರೆಯುತ್ತೇವೆ, ಕೊಳವೆಬಾವಿ ಕೊರೆಸುತ್ತೇವೆ, ಹುಳು ಕಾಂಡವನ್ನು ಕೊರೆಯುತ್ತದೆ, ಕಡಲು ದಡವನ್ನು ಕೊರೆಯುತ್ತದೆ. (ಸಭೆಗಳಲ್ಲಿ ಕೆಲವರು ನಮ್ಮನ್ನೂ ಕೊರೆಯುತ್ತಾರೆ.) ಎಲ್ಲ ಕಡೆಯೂ ಗಟ್ಟಿಯಾದುದೊಂದರ ಒಳಕ್ಕೆ ಬಿಡದೆ ಇಳಿಯುವ ಭಾವವಿದೆ. ಹಾಗಾಗಿ ಕೊರೆಯುವ ಚಳಿಯೆಂದರೆ ಚರ್ಮವನ್ನು ದಾಟಿ ಎಲುಬನ್ನು ಮುಟ್ಟಿದ ಚಳಿ. ಹಳಗನ್ನಡದ ‘ಕುಳಿರ್’ಗೆ ಈ ಕ್ರೌರ್ಯವಿಲ್ಲ, ‘ಕುಳಿರ್ಗಾಳಿ’ಯೆಂದರೆ ಮನಸ್ಸು ಹಿಗ್ಗುತ್ತದೆ. ಉತ್ತರ ಕರ್ನಾಟಕದ ‘ಥಂಡಿ’ ನಿತ್ಯದ ಮಾತು. ಅದಕ್ಕೂ ‘ಕೊರೆಯುವ’ ಎಂಬ ವಿಶೇಷಣ ಸೇರಿದಾಗಲೇ ಹಲ್ಲು ಮೂಡುತ್ತದೆ.

ಆದರೆ ಈಗ ಬೆಂಗಳೂರಿನಲ್ಲಿ ಉಷ್ಣಾಂಶ 15 ಡಿಗ್ರಿಗೆ ಇಳಿದರೂ ಶೀರ್ಷಿಕೆಯಲ್ಲಿ ‘ಮೈ ಕೊರೆಯುವ ಚಳಿ’. ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ ಶೀತ ಅಲೆಯ ಮಾತನ್ನೆತ್ತುವುದು ಕನಿಷ್ಠ ಉಷ್ಣಾಂಶ 10 ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದಾಗ ಮಾತ್ರ. ಇದೇ ಬೆಂಗಳೂರು 1884ರ ಜನವರಿಯಲ್ಲಿ 7.8 ಡಿಗ್ರಿಯನ್ನು ಕಂಡಿತ್ತು. ಅಂಥ ದಿನ ಮತ್ತೆ ಬಂದರೆ ಯಾವ ಪದವನ್ನು ಬಳಸುತ್ತೇವೆ? ‘ಮರಗಟ್ಟುವ’ ಎಂಬುದೊಂದು ಉಳಿದಿದೆ. ಅದನ್ನೂ ಸವೆಸಲು ಹೆಚ್ಚು ಕಾಲ ಬೇಕಾಗದು.

ಹಾಗೆಂದು ಡಿಗ್ರಿಯೊಂದನ್ನೇ ಹಿಡಿದು ಪದದ ಬೆಲೆ ಕಟ್ಟುವುದೂ ಸರಿಯಲ್ಲವೆಂದು ಆಮೇಲೆ ತೋರಿತು. ಬೆಳಗಾವಿ ಸೀಮೆಯಲ್ಲಿ ಕಬ್ಬು ಕಡಿಯಲು ಬಂದವರು ಹೊಲದಂಚಿನ ಗುಡಿಸಲುಗಳಲ್ಲಿ ಮಕ್ಕಳೊಂದಿಗೆ ಮಲಗುತ್ತಾರೆ. ಅವರಿಗೆ 15 ಡಿಗ್ರಿಯೂ ಕೊರೆಯುತ್ತದೆ. ಬೆಚ್ಚನೆಯ ಕೋಣೆಯಲ್ಲಿ ಕುಳಿತು ಶೀರ್ಷಿಕೆ ಬರೆಯುವವರಿಗೆ ಆ ಮಾತು ಸಲ್ಲದು. ಮುನಿಯಾದರೋ ಚಳಿಯನ್ನು ತಾನಾಗಿ ಒಪ್ಪಿಕೊಂಡವನು. ಆದ್ದರಿಂದಲೇ ಅವನದು ಪರೀಷಹಜಯ. ಕಬ್ಬು ಕಡಿಯುವವರ ಚಳಿಗೆ ಶಾಸ್ತ್ರದಲ್ಲಿ ನನಗೆ ಹೆಸರು ಸಿಕ್ಕಿಲ್ಲ.